ಉಗುರೂ ಕೊಡಲಿಯೂ: ಕಟ್ಟಡಗಳ ಪಾಲನೆಯನ್ನು ಕುರಿತು

ನಾನು ಇತಿಹಾಸದ ಅಧ್ಯಾಪಕ, ಇಂಜಿನಿಯರನಲ್ಲ. ಗಾರೆ ಕೆಲಸವನ್ನು ಕುರಿತು ನಾನು ಬರೆಯ ಹೊರಟಿರುವುದನ್ನು ಕಂಡು ಕೆಲವು ವಾಚಕರು ನಗಬಹುದು. ಆದರೆ ಬಿದ್ದ ಗೋಡೆಯೊಂದು ನನಗೆ ಕಲಿಸಿದ ಪಾಠವನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಆ ಪಾಠಕ್ಕೆ ನಾನು ತೆತ್ತ ಶುಲ್ಕವೂ ಸ್ವಲ್ಪದ್ದಲ್ಲ. ಅದೇ ಶುಲ್ಕವನ್ನು ಇತರರೂ ತೆರಬೇಕಾಗದಿರಲಿ ಎಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಪ್ರಾಚೀನ ಶಾಸನಗಳನ್ನು ಓದಿದವರಿಗೆ ಒಂದು ಪದಪುಂಜ ಚೆನ್ನಾಗಿ ಪರಿಚಿತವಾಗಿರುತ್ತದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ರಾಜನೋ ದಂಡನಾಯಕನೋ ಒಂದು ದೇಗುಲಕ್ಕೆ ಭೂಮಿಯನ್ನು ದತ್ತಿ ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ಇದಕ್ಕೂ ಸೇರಿಸಿಯೇ ಬಿಡುತ್ತಿದ್ದನು. ಖಂಡ ಎಂದರೆ ಮುರಿದದ್ದು. ಸ್ಫುಟಿತ ಎಂದರೆ ಬಿರಿದದ್ದು. ಮುರಿದುದನ್ನೂ ಬಿರಿದುದನ್ನೂ ಆಗಿಂದಾಗ ಸರಿಪಡಿಸುವ ಖರ್ಚು ಆ ಭೂಮಿಯ ಆದಾಯದಿಂದ ವರ್ಷ ವರ್ಷವೂ ಬರಬೇಕು ಎಂದು ಇದರ ಅರ್ಥ. ಕೆಲವು ಶಾಸನಗಳಲ್ಲಿ ‘ನವಸುಧಾಕರ್ಮ’ ಎಂಬ ಮಾತೂ ಬರುತ್ತದೆ. ಇಲ್ಲಿ ಸುಧೆಯೆಂದರೆ ಅಮೃತವಲ್ಲ, ಸುಣ್ಣ. ಕಟ್ಟಿದವನೇ ಕಟ್ಟಡದ ಮುಪ್ಪನ್ನೂ ಯೋಚಿಸಿ ಅದಕ್ಕೊಂದು ವೃತ್ತಿಯನ್ನು ಏರ್ಪಡಿಸುತ್ತಿದ್ದ ಕಾಲವದು. ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದೇ ಮೇಲು ಎಂಬ ಭಾವವಂತೂ ಎಷ್ಟೋ ಶಾಸನಗಳ ಕೊನೆಯ ಶ್ಲೋಕಗಳಲ್ಲಿ ಬರುತ್ತದೆ.

ಈ ಪದಗಳನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಹಾಗೆ ಬಿಡಿಸಿ ಹೇಳುತ್ತಿದ್ದ ದಿನಗಳಲ್ಲಿಯೇ ಊರಿನಲ್ಲಿ ನಮ್ಮ ಮನೆಯ ಹೆಂಚೊಂದು ಬಿರಿದಿತ್ತು.

ನಮ್ಮದು ಮಲೆನಾಡಿನ ಮನೆ. ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹುಲ್ಲಿನ ಮಾಡುಗಳು ಕ್ರಮೇಣ ಹೋಗಿ ಇಂಥ ಕೆಂಪು ಮಾಡುಗಳು ಬಂದವು. ಈ ಹೆಂಚುಗಳು ಒಂದರೊಡನೊಂದು ಕೊಂಡಿ ಹಾಕಿಕೊಂಡು ಕೂತಿರುವುದರಿಂದ ಅವುಗಳಲ್ಲಿ ಒಂದನ್ನು ಮಾತ್ರ ತೆಗೆದು ಬೇರೊಂದನ್ನು ಹಾಕುವುದು ಬಹು ಸುಲಭ. ಏಣಿಯೊಂದು, ಹೆಂಚೊಂದು, ಅರ್ಧ ಗಂಟೆಯ ಕಾಲ, ಇಷ್ಟು ಸಾಕು.

ನಾನು ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ಕೋತಿಗಳು ಹಾರಿ ಹಿತ್ತಿಲ ಕಡೆಯ ಮಾಡಿನಲ್ಲಿ ಒಂದು ಹೆಂಚು ಒಡೆದಿದೆಯೆಂದೂ, ತಮಗೆ ಏಣಿ ಹತ್ತಲು ಮಂಡಿನೋವೆಂದೂ ನಮ್ಮ ತಂದೆಯವರು ಹೇಳಿದರು. “ದೀಪಾವಳಿಗೆ ಬರುತ್ತೇನಲ್ಲ, ಆಗ ನೋಡೋಣ” ಎಂದೆ. ದೀಪಾವಳಿಗೆ ಹೋದಾಗ ಮಳೆ ನಿಂತಿತ್ತು. ಸೋರದ ಮಾಡನ್ನು ಯಾರು ನೋಡುತ್ತಾರೆ? ಮರುವರ್ಷವೂ ಇದೇ ಕಥೆಯಾಯಿತು. ಹನಿ ಬೀಳುವಲ್ಲಿ ತಾಯಿಯವರು ಒಂದು ತಪ್ಪಲೆ ಇಟ್ಟರು. ತಪ್ಪಲೆ ಸಾಲದೆ ಕೊಳಗ ಬಂದಿತು. ಮೂರನೆಯ ವರ್ಷ ತಾಯಿಯವರು ಆ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ನಡುಮನೆಗೆ ಹಾಸಿಗೆ ತಂದರು. ಆ ವರ್ಷದ ಜುಲೈ ತಿಂಗಳ ಒಂದು ರಾತ್ರಿ ಆ ಕೋಣೆಯ ಹೊರಗೋಡೆ ಮಾಡಿನ ಸಮೇತ ಕುಸಿಯಿತು.

ಸೋರಿಕೆಯ ಕಾಟ ತಡೆಯಲಾರದೆ ಅವರು ಕೋಣೆ ಬದಲಿಸಿದ್ದರಿಂದ ಉಳಿದರು. ಇದನ್ನು ದೈವಕೃಪೆಯೆಂದು ಊರಿನವರು ಹೇಳಿದರು. ನನಗೆ ಮಾತ್ರ ಇಂದಿಗೂ ಆ ಮಾತಿನಿಂದ ಸಮಾಧಾನವಾಗಿಲ್ಲ.

ಆಮೇಲೆ ನಿಂತು ನೋಡಿದಾಗ ನಡೆದುದೆಲ್ಲವೂ ಸ್ಪಷ್ಟವಾಗಿ ಕಾಣಿಸಿತು. ಬಿರಿದ ಹೆಂಚಿನಿಂದ ಇಳಿದ ನೀರು ಮೊದಲು ಕೆಳಗಿನ ರೀಪನ್ನು ನೆನೆಸಿತು. ಒದ್ದೆಯಾಗಿಯೇ ಉಳಿದ ರೀಪು ಕೊಳೆಯಿತು. ರೀಪು ಕುಗ್ಗಿದ್ದರಿಂದ ಅಕ್ಕಪಕ್ಕದ ಹೆಂಚುಗಳು ಜಾರಿದವು. ಒಂದು ತೂತು ನಾಲ್ಕಾಯಿತು. ನೀರು ತೊಲೆಯ ಉದ್ದಕ್ಕೂ ಹರಿದು ಗೋಡೆಯ ತಲೆಗೆ ಬಂದಿತು. ಒದ್ದೆ ಮರಕ್ಕೆ ಗೆದ್ದಲು ಹತ್ತಿತು. ಮಣ್ಣಿನ ಗೋಡೆ ಒಣಗಿರುವಷ್ಟು ಕಾಲ ಕಲ್ಲಿನಂತೆ ಭಾರ ಹೊರುತ್ತದೆ. ನೆನೆದರೆ ಮತ್ತೆ ಮಣ್ಣೇ. ಒಂದೊಂದು ಹೆಜ್ಜೆಯೂ ಹಿಂದಿನದಕ್ಕಿಂತ ದೊಡ್ಡದು, ಮತ್ತು ಒಂದೊಂದು ಹೆಜ್ಜೆಯಲ್ಲಿಯೂ ಅದನ್ನು ತಡೆಯುವ ಅವಕಾಶವಿತ್ತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎನ್ನುವ ಗಾದೆ ಇಂಥದನ್ನು ನೋಡಿಯೇ ಹುಟ್ಟಿರಬೇಕು. ಒಂದು ಹೆಂಚಿನ ಬೆಲೆಗೆ ಮುಗಿಯಬೇಕಾದುದು ಆ ವರ್ಷದ ಅಡಿಕೆಯ ಹಣವನ್ನೆಲ್ಲ ನುಂಗಿತು.

ಈ ಏರುವ ಲೆಕ್ಕವನ್ನು ವಿದ್ವಾಂಸರೂ ಹಾಕಿದ್ದಾರೆ. ಡಿ ಸಿಟ್ಟರ್ ಎಂಬ ತಜ್ಞರು ೧೯೮೪ರಲ್ಲಿ ಕಾಂಕ್ರೀಟು ಕಟ್ಟಡಗಳ ವಿಷಯವಾಗಿ ‘ಐದರ ನಿಯಮ’ ಎಂದು ಹೆಸರಾದ ಸೂತ್ರವೊಂದನ್ನು ಹೇಳಿದರು. ಕಟ್ಟುವಾಗಲೇ ಸರಿಯಾಗಿ ಕಟ್ಟಲು ಒಂದು ರೂಪಾಯಿ ಸಾಕಾಗುವ ಕಡೆ, ಆಗ ಬಿಟ್ಟರೆ ಮುಂಜಾಗ್ರತೆಯ ಪಾಲನೆಗೆ ಐದು ರೂಪಾಯಿ, ಅದನ್ನೂ ಬಿಟ್ಟರೆ ದುರಸ್ತಿಗೆ ಇಪ್ಪತ್ತೈದು, ಅದನ್ನೂ ಬಿಟ್ಟರೆ ಪುನರ್ನಿರ್ಮಾಣಕ್ಕೆ ನೂರಿಪ್ಪತ್ತೈದು ರೂಪಾಯಿ ಬೇಕಾಗುತ್ತದೆ ಎಂಬುದು ಅದರ ಸಾರಾಂಶ. ಇದು ಅಂದಾಜಿನ ಸೂತ್ರವೇ ಹೊರತು ಗಣಿತದ ಪ್ರಮೇಯವಲ್ಲ. ಆದರೂ ನಮ್ಮ ಮನೆಯ ಲೆಕ್ಕ ಅದಕ್ಕಿಂತಲೂ ಹೆಚ್ಚೇ ಆಗಿತ್ತು.

ನನ್ನ ಎರಡನೆಯ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಗೋಡೆ ಬಿದ್ದ ಭಯದಿಂದ, ಉಳಿದ ಮಣ್ಣಿನ ಗೋಡೆಗಳು ‘ಭದ್ರ’ವಾಗಲೆಂದು ಹೊರಮೈಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿದೆ. ಎರಡು ಮಳೆಗಾಲ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು. ಮೂರನೆಯದರಲ್ಲಿ ಗಿಲಾವು ಹಪ್ಪಳದಂತೆ ಎದ್ದು, ತನ್ನ ಹಿಂದಿನ ಮಣ್ಣನ್ನೂ ಒಂದು ಹಿಡಿ ದಪ್ಪ ಕಿತ್ತುಕೊಂಡು ಬಿದ್ದಿತು. ಆಗ ನಮ್ಮೂರಿನ ಒಬ್ಬ ಮುದಿ ಮೇಸ್ತ್ರಿಯನ್ನು ಕರೆತಂದೆ. ಆತ ಬಿದ್ದ ತುಂಡನ್ನು ತಿರುಗಿಸಿ ನೋಡಿ, “ಗೋಡೆಗೆ ರಬ್ಬರಿನ ಅಂಗಿ ಹೊಲಿಸಿದ್ದೀರಿ ಸ್ವಾಮಿ, ಬೆವರು ಎಲ್ಲಿಗೆ ಹೋಗಬೇಕು?” ಎಂದನು. ಅನಂತರ ನಾನು ಓದಿದ ಎಷ್ಟೋ ಪುಟಗಳ ಸಾರ ಆ ಒಂದು ವಾಕ್ಯದಲ್ಲಿತ್ತು.

ಆ ಬೆವರಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಹಳೆಯ ಗೋಡೆ, ಅದು ಮಣ್ಣಿನದಾಗಲಿ ಇಟ್ಟಿಗೆಯದಾಗಲಿ, ನೆಲದಿಂದಲೂ ಗಾಳಿಯಿಂದಲೂ ಸ್ವಲ್ಪ ತೇವವನ್ನು ಹೀರುತ್ತಲೇ ಇರುತ್ತದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಬಿಸಿಲು ಬಂದಾಗ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟಿನ ಗಿಲಾವು ಬಿಗಿ, ಗಡಸು. ಅದರ ಹಿಂದೆ ತೇವ ಸಿಕ್ಕಿಬೀಳುತ್ತದೆ. ತೇವದಲ್ಲಿ ಕರಗಿದ ಲವಣಗಳು ಒಣಗುವ ಜಾಗದಲ್ಲಿ ಹರಳುಗಟ್ಟಿ ಉಬ್ಬುತ್ತವೆ. ಗೋಡೆಗಳ ಬುಡದಲ್ಲಿ ಬಿಳಿಯ ಹಿಟ್ಟಿನಂತೆ ಕಾಣುವುದು ಈ ಉಪ್ಪೇ. ಹೊರಮೈಯಲ್ಲಿ ಹರಳಾದರೆ ಪೊರಕೆಯಿಂದ ಗುಡಿಸಬಹುದು; ಗಿಲಾವಿನ ಹಿಂದೆ ಹರಳಾದರೆ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಗಾರೆ ತಾನು ಹಿಡಿದಿರುವ ಕಲ್ಲು ಇಟ್ಟಿಗೆಗಳಿಗಿಂತ ಮೆದುವಾಗಿರಬೇಕು ಎಂಬುದು ಜೀರ್ಣೋದ್ಧಾರದ ಮೊದಲನೆಯ ಸೂತ್ರ. ಸವೆಯಬೇಕಾದುದು ಗಾರೆ, ಅದನ್ನು ಮತ್ತೆ ತುಂಬಬಹುದು. ಇಟ್ಟಿಗೆ ಸವೆದರೆ ತುಂಬುವುದೇನನ್ನು?

ಸುಣ್ಣಕ್ಕೆ ಇನ್ನೊಂದು ಗುಣವಿದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದು ಇಂಗಾಲಾಮ್ಲವನ್ನು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ನೀರು ಹಾಕಿದರೆ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಪಡೆದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೆ, ಮಳೆನೀರಿನಲ್ಲಿ ಕರಗಿದ ಸುಣ್ಣವೇ ಆ ಬಿರುಕಿನಲ್ಲಿ ಕೂತು ಅದನ್ನು ಮುಚ್ಚುವುದೂ ಉಂಟು. ತನ್ನ ಗಾಯವನ್ನು ತಾನೇ ಸ್ವಲ್ಪಮಟ್ಟಿಗೆ ಮಾಯಿಸಿಕೊಳ್ಳುವ ಗೋಡೆ ಅದು. ಹಿಂದಿನವರು ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುತ್ತಿದ್ದುದು ಚೆಂದಕ್ಕಾಗಿ ಮಾತ್ರವಲ್ಲ. ಹಾಗೆ ಬಳಿಯುವಾಗ ಮನೆಯವರ ಕಣ್ಣು ಗೋಡೆಯ ಗೇಣು ಗೇಣಿನ ಮೇಲೂ ಹರಿಯುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಲಾಭ.

ಹಾಗಾದರೆ ಕಾಂಕ್ರೀಟಿನ ಕಟ್ಟಡಕ್ಕೆ ಈ ಚಿಂತೆಯಿಲ್ಲವೆ? ಇದೆ, ಬೇರೆ ರೂಪದಲ್ಲಿದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯದಿರುವುದು ಕಾಂಕ್ರೀಟಿನ ಕ್ಷಾರಗುಣದಿಂದ. ಆದರೆ ಗಾಳಿಯ ಇಂಗಾಲಾಮ್ಲ ಹೊರಮೈಯಿಂದ ಒಳಗೆ ಇಂಗುತ್ತಾ ಆ ಕ್ಷಾರಗುಣವನ್ನು ಕಳೆಯುತ್ತಾ ಹೋಗುತ್ತದೆ. ಗೋಡೆಗೆ ಅಮೃತವಾದದ್ದು ಸರಳಿಗೆ ವಿಷವಾಗುವುದು ಹೀಗೆ. ಈ ಇಂಗುವಿಕೆ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ನಡೆಯುತ್ತದೆ. ಒಂದು ಛಾವಣಿಯಲ್ಲಿ ಅದು ಹತ್ತು ಮಿಲಿಮೀಟರು ಇಳಿಯಲು ಹತ್ತು ವರ್ಷ ಹಿಡಿದರೆ, ಇಪ್ಪತ್ತು ಮಿಲಿಮೀಟರು ಇಳಿಯಲು ನಲವತ್ತು ವರ್ಷ ಬೇಕು. ಆದ್ದರಿಂದ ಸರಳಿನ ಮೇಲೆ ಇಪ್ಪತ್ತು ಮಿಲಿಮೀಟರಿನ ಹೊದಿಕೆ ಇರಬೇಕಾದ ಕಡೆ ಹತ್ತನ್ನೇ ಬಿಟ್ಟ ಗುತ್ತಿಗೆದಾರನು ಉಳಿಸಿದ್ದು ಒಂದು ಬೆರಳಿನಷ್ಟು ಕಾಂಕ್ರೀಟು. ಕಳೆದದ್ದು ಮೂವತ್ತು ವರ್ಷದ ಆಯುಸ್ಸು. ಆಮೇಲೆ ತೇವ ತಗುಲಿದರೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರರಷ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೊದಲು ಸರಳಿನ ಗುಂಟ ಕಂದು ಗೆರೆ, ಆಮೇಲೆ ಬಿರುಕು, ಆಮೇಲೆ ತಲೆಯ ಮೇಲೆ ಬೀಳುವ ಚೂರು. ಇದರಲ್ಲಿ ನಮಗೆ ಮೊದಲು ಸಿಗುವ ಕಾಗದ ಆ ಕಂದು ಗೆರೆ. ಅದನ್ನು ಓದದೆ ಬಣ್ಣ ಬಳಿದು ಮುಚ್ಚುವವರೇ ಹೆಚ್ಚು.

ಎಲ್ಲ ಕಟ್ಟಡಕ್ಕೂ ಸಾಮಾನ್ಯವಾದ ಶತ್ರು ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ವರ್ಷಕ್ಕೆ ೩೦೦೦ ಮಿಲಿಮೀಟರು ಮಳೆಯಾಗುವ ಊರಿನಲ್ಲಿ ನೂರು ಚದರ ಮೀಟರಿನ ಮಾಡು ೩ ಲಕ್ಷ ಲೀಟರು ನೀರನ್ನು ಇಳಿಸಬೇಕು. ಆಗುಂಬೆಯಂಥ ಕಡೆ ಇದರ ಎರಡರಷ್ಟಕ್ಕೂ ಹೆಚ್ಚು. ತಾರಸಿಯ ನೀರಂಡೆಗೆ ಎಲೆ ಕಟ್ಟಿಕೊಂಡು ಹತ್ತು ಸೆಂಟಿಮೀಟರು ನೀರು ನಿಂತರೆ ಅದೇ ನೂರು ಚದರ ಮೀಟರಿನ ಮೇಲೆ ೧೦ ಟನ್ನು ಭಾರ. ಒಂದು ಹಿಡಿ ತರಗೆಲೆಯನ್ನು ತೆಗೆಯದೆ ಹೋದುದಕ್ಕೆ ಇದು ದಂಡ. ಇಂಗ್ಲೆಂಡಿನ ಜಾನ್ ರಸ್ಕಿನ್ ೧೮೪೯ರಲ್ಲಿಯೇ ಇದೇ ಮಾತನ್ನು ಆಡಿದ್ದನು: ಸಕಾಲದಲ್ಲಿ ಮಾಡಿಗೆ ಹಾಕಿದ ಒಂದೆರಡು ಸೀಸದ ತಗಡು, ನೀರಿನ ದಾರಿಯಿಂದ ಗುಡಿಸಿದ ಒಂದಷ್ಟು ಎಲೆಕಡ್ಡಿ ಇಡೀ ಕಟ್ಟಡವನ್ನು ಉಳಿಸಬಲ್ಲವು ಎಂಬುದು ಅವನ ಅಭಿಪ್ರಾಯ. ಅವನ ವಿಚಾರಗಳಿಂದ ಪ್ರೇರಿತನಾದ ವಿಲಿಯಂ ಮಾರಿಸ್ ೧೮೭೭ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘವನ್ನೇ ಕಟ್ಟಿ, ದಿನನಿತ್ಯದ ಪಾಲನೆಯೇ ನಿಜವಾದ ರಕ್ಷಣೆಯೆಂದು ಸಾರಿದನು.

ಚಕ್ರವರ್ತಿಗಳ ಕಟ್ಟಡಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ೧೬೫೨ರ ಡಿಸೆಂಬರಿನಲ್ಲಿ ರಾಜಕುಮಾರ ಔರಂಗಜೇಬನು ಆಗ್ರಾದಲ್ಲಿ ತನ್ನ ತಾಯಿಯ ಸಮಾಧಿಯನ್ನು ನೋಡಿ, ತಂದೆ ಷಹಜಹಾನನಿಗೆ ಒಂದು ಪತ್ರ ಬರೆದನು. ಮಳೆಗಾಲದಲ್ಲಿ ಗುಂಬಜು ಉತ್ತರದ ಕಡೆ ಎರಡು ಸ್ಥಳಗಳಲ್ಲಿ ಸೋರಿದೆಯೆಂದೂ, ಚಿಕ್ಕ ಗುಂಬಜುಗಳಲ್ಲಿಯೂ ತೇವ ಕಾಣಿಸಿಕೊಂಡಿದೆಯೆಂದೂ ಅದರಲ್ಲಿದೆ. ಆಗ ತಾಜಮಹಲು ಇನ್ನೂ ಹೊಸ ಕಟ್ಟಡ! ಜಗತ್ತಿನ ಸೊಬಗಿನ ಕಟ್ಟಡವೂ ಮೊದಲು ಬೇಡಿದ್ದು ಕವಿಯನ್ನಲ್ಲ, ಗಾರೆಯವನನ್ನು.

ನಮ್ಮ ನಾಡಿಗೇ ಬರೋಣ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ಅನೇಕರು ನೋಡಿರಬಹುದು. ವೈಸರಾಯ್ ಲ್ಯಾನ್ಸ್‌ಡೌನನ ಹೆಸರಿನಲ್ಲಿ ೧೮೯೨ರಲ್ಲಿ ಕಟ್ಟಿದ ಸಾಲುಮಳಿಗೆ ಅದು. ೨೦೧೨ರ ಆಗಸ್ಟ್ ೨೫ರಂದು ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ನಾಲ್ಕು ವರ್ಷಗಳ ಅನಂತರ, ೨೦೧೬ರ ಆಗಸ್ಟ್ ೨೮ರಂದು, ಶತಮಾನ ದಾಟಿದ ದೇವರಾಜ ಮಾರುಕಟ್ಟೆಯ ಉತ್ತರದ ಕಡೆಯ ಭಾಗವೊಂದು ಬಿದ್ದಿತು. ಎರಡೂ ಆಗಸ್ಟ್ ತಿಂಗಳಿನಲ್ಲಿ ಎಂಬುದನ್ನು ಗಮನಿಸಬೇಕು. ಬಿದ್ದ ಮೇಲೆ ಚರ್ಚೆಗಳಾದವು, ಸಮಿತಿಗಳಾದವು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಆ ವಾದದಲ್ಲಿ ಯಾರ ಪಕ್ಷ ಸರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಟ್ಟಡವನ್ನು ಉಳಿಸುವ ವಾದಕ್ಕೆ ಅತ್ಯಂತ ಅಗ್ಗವಾದ ಕಾಲ ಅದು ನಿಂತಿರುವಾಗಲೇ ಎಂಬಷ್ಟನ್ನು ಹೇಳಬಲ್ಲೆ.

ವಿದ್ಯಾರ್ಥಿ ಮಿತ್ರರು ತಮ್ಮ ಮನೆಗಳಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ಕೊಡುತ್ತೇನೆ. ಇವುಗಳಲ್ಲಿ ಹೆಚ್ಚಿನವು ಆ ಮೇಸ್ತ್ರಿಯಿಂದ ಕಲಿತವು.

ಮೊದಲನೆಯದು, ಬಿರುಕಿನ ಭಾಷೆ. ಗಿಲಾವಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಚರ್ಮದ ಸುಕ್ಕು, ಹೆದರಬೇಕಾಗಿಲ್ಲ. ಛಾವಣಿಯ ಕೆಳಗೇ ಗೋಡೆಯಲ್ಲಿ ಅಡ್ಡಲಾಗಿ ಓಡುವ ಬಿರುಕು ಬಹುಮಟ್ಟಿಗೆ ಬಿಸಿಲಿನದು. ಹತ್ತು ಮೀಟರು ಉದ್ದದ ಕಾಂಕ್ರೀಟು ಛಾವಣಿ ಇಪ್ಪತ್ತು ಡಿಗ್ರಿ ಉಷ್ಣ ಏರಿದರೆ ಸುಮಾರು ಎರಡು ಮಿಲಿಮೀಟರು ಹಿಗ್ಗುತ್ತದೆ. ಗೋಡೆ ಅಷ್ಟು ಹಿಗ್ಗುವುದಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ತಳಪಾಯ ಕೂರುತ್ತಿರುವುದರ ಸೂಚನೆಯಾಗಿರಬಹುದು. ಆಗ ಬಲ್ಲವರನ್ನು ಕರೆಯಲೇಬೇಕು.

ಎರಡನೆಯದು, ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುವ ಉಪಾಯ. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗಳನ್ನೂ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಗೋಡೆ ಚಲಿಸುತ್ತಿದೆ ಎಂದರ್ಥ. ಚಲಿಸುತ್ತಿರುವ ಬಿರುಕನ್ನು ತುಂಬಿ ಪ್ರಯೋಜನವಿಲ್ಲ. ಮೊದಲು ಕಾರಣ, ಆಮೇಲೆ ಗಾರೆ.

ಮೂರನೆಯದು, ಸದ್ದು. ಮರದ ಸಣ್ಣ ಕೊಡತಿಯಿಂದ ಗಿಲಾವನ್ನು ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿಯಾದ ಕಡೆ ಸದ್ದು ಬಿಗಿಯಾಗಿರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಒಣ ಸೋರೆಬುರುಡೆಯಂತೆ ಟೊಳ್ಳು ಸದ್ದು ಬರುತ್ತದೆ.

ನಾಲ್ಕನೆಯದು, ಅರಳಿಯ ಸಸಿ. ಹಕ್ಕಿ ಹಣ್ಣು ತಿಂದು ಗೋಡೆಯ ಸಂದಿನಲ್ಲಿ ಹಾಕಿದ ಹಿಕ್ಕೆಯಿಂದ ಅದು ಹುಟ್ಟುತ್ತದೆ. ಎರಡೆಲೆಯಿದ್ದಾಗ ಎರಡು ಬೆರಳಿಂದ ಬೇರು ಸಮೇತ ಬರುತ್ತದೆ. ಮೇಲೆ ಮೇಲೆ ಕತ್ತರಿಸಿದರೆ ಬೇರು ದಪ್ಪವಾಗುತ್ತಲೇ ಹೋಗುತ್ತದೆ. ಬಲಿತ ಮೇಲೆ ಎಳೆದರೆ ಗಿಡದ ಜೊತೆಗೆ ಕಲ್ಲೂ ಬರುತ್ತದೆ. ಆಗ ಅದನ್ನು ಕಡಿದು, ಬೇರನ್ನು ಔಷಧದಿಂದ ಸಾಯಿಸಿ, ಸತ್ತ ಮೇಲೆ ಸಂದನ್ನು ಸುಣ್ಣದ ಗಾರೆಯಿಂದ ತುಂಬುವುದೇ ದಾರಿ.

ಕೊನೆಯದಾಗಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಭಾರಿ ಮಳೆ ಬೀಳುತ್ತಿರುವಾಗ ಒಮ್ಮೆ, ಕೊಡೆ ಹಿಡಿದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆಯನ್ನು ನೆನೆಸುತ್ತದೆ ಎಂಬುದು ಬಿಸಿಲಿನಲ್ಲಿ ತಿಳಿಯುವುದಿಲ್ಲ.

ನಾವು ಓದುವ ಓದಿಸುವ ಈ ಕಾಲೇಜಿನ ಕಟ್ಟಡಕ್ಕೂ ವಯಸ್ಸಾಗಿದೆ. ಹೋದ ವರ್ಷ ಮೇ ತಿಂಗಳಿನಲ್ಲಿ ಪುಸ್ತಕ ಭಂಡಾರದ ಮೇಲಿನ ಕಾರ್ನೀಸಿನಲ್ಲಿ ಅರಳಿಯ ಸಸಿಗಳನ್ನು ಕಂಡೆ. ಬರಹ ಮುಖೇನ ಕೇಳಿದರೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರು ಎಂದು ಸಸಿ ಮರವಾಗುವಷ್ಟು ಕಾಲ ಹಿಡಿಯಬಹುದಿತ್ತು. ಪ್ರಾಂಶುಪಾಲರ ಅಪ್ಪಣೆ ಪಡೆದು, ಜವಾನರ ಸಹಾಯದಿಂದ ಒಂದು ಶನಿವಾರ ನಾನೂ ಏಳು ಮಂದಿ ವಿದ್ಯಾರ್ಥಿಗಳೂ ತಾರಸಿ ಹತ್ತಿದೆವು. ಕೈಗೆಟಕಿದ ಹನ್ನೊಂದು ಸಸಿಗಳನ್ನು ಕಿತ್ತೆವು. ಮೂರು ನೀರಂಡೆಗಳಿಂದ ನಾಲ್ಕು ಬುಟ್ಟಿ ಎಲೆ, ಎರಡು ಹಕ್ಕಿಗೂಡು, ಯಾರೋ ಎಸೆದ ಒಂದು ಹಳೆಯ ಅರ್ಥಶಾಸ್ತ್ರದ ಟಿಪ್ಪಣಿ ಪುಸ್ತಕ ಹೊರಬಂದವು. ಆ ವರ್ಷದ ಮಳೆಗಾಲದಲ್ಲಿ ಭಂಡಾರದ ಪಶ್ಚಿಮದ ಗೋಡೆಯ ತೇವದ ಕಲೆ ಮೊದಲಿನ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧಕ್ಕೆ ಬಲ್ಲವರು ಬರಬೇಕು. ಅದಕ್ಕೆ ಅರ್ಜಿಯೂ ಹೋಗಿದೆ. ಕೈಗೆಟಕದ ಎತ್ತರದಲ್ಲಿ ಒಂದು ಸಸಿ ಇನ್ನೂ ಇದೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅದು ಅಲ್ಲಿರಬಾರದೆಂದು ಆಶಿಸುತ್ತೇನೆ. ಇದ್ದರೆ ದಯವಿಟ್ಟು ಮತ್ತೊಮ್ಮೆ ನೆನಪಿಸಿ.

ಊರಿನ ಮನೆ ಇಂದಿಗೂ ನಿಂತಿದೆ, ಒಂದು ಕೋಣೆ ಕಡಿಮೆಯಾಗಿ. ಸಿಮೆಂಟನ್ನು ಕೆರೆದು ಮಣ್ಣು ಸುಣ್ಣಗಳ ಗಿಲಾವನ್ನೇ ಮತ್ತೆ ಮಾಡಿಸಿದೆವು. ತಂದೆಯವರು ಈಗಿಲ್ಲ. ಆ ಮೂರು ವರ್ಷಗಳಲ್ಲಿ ಅವರು ಎರಡನೆಯ ಸಲ ಹೆಂಚಿನ ಮಾತನ್ನು ನನ್ನೆದುರಿಗೆ ಎತ್ತಲಿಲ್ಲ. ಗೋಡೆ ಬಿದ್ದ ಮೇಲೆಯೂ ಎತ್ತಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋದ ಮಾರನೆಯ ಬೆಳಿಗ್ಗೆ, ಕಾಫಿ ಕುಡಿಯುವುದಕ್ಕೂ ಮೊದಲು, ನಾನು ಏಣಿಯನ್ನು ಮಾಡಿಗೆ ಒರಗಿಸುತ್ತೇನೆ. ಕೆಳಗೆ ತಾಯಿಯವರು ಏಣಿ ಹಿಡಿದು ನಿಂತಿರುತ್ತಾರೆ. ಹತ್ತು ಹೊಸ ಹೆಂಚು ಕೊಟ್ಟಿಗೆಯಲ್ಲಿ ಯಾವಾಗಲೂ ಇರುತ್ತವೆ.